ಸಭಾಭವನ ನಕ್ಕದ್ದು ಯಾಕೆ? ಹಳೆಯ ಯುದ್ಧದ ಫಿಲ್ಮುಗಳ ಒಂದು ಪ್ರದರ್ಶನ: ಪ್ರಕರಣ ಅಧ್ಯಯನ

ಡಿಸೆಂಬರ್ 16ರ ವಿಜಯ ದಿವಸಕ್ಕೆ ಬೈಲಹೊಂಗಲ ತಾಲೂಕಿನ ಊರೊಂದರ ಸಮುದಾಯ ಭವನದಲ್ಲಿ ಇಪ್ಪತ್ತನೇ ಶತಮಾನದ ಯುದ್ಧಗಳ ಹಳೆಯ ಫಿಲ್ಮ್ ತುಣುಕುಗಳ ಪ್ರದರ್ಶನ ನಡೆಯಿತು. ನೂರೈವತ್ತರ ಆಸುಪಾಸು ಜನ ಸೇರಿದ್ದರು. ಅರ್ಧದಷ್ಟು ಮಂದಿ ಕಾಲೇಜು ಹುಡುಗ ಹುಡುಗಿಯರು, ಉಳಿದವರಲ್ಲಿ ಹೆಚ್ಚಿನವರು ನಿವೃತ್ತ ಸೈನಿಕರು ಮತ್ತು ಅವರ ಮನೆಮಂದಿ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಹಾಗಾಗಿ ಪಲ್ಟಣ ಸೇರಿದವರೇ ಇಲ್ಲದ ಊರು ಈ ಸೀಮೆಯಲ್ಲಿ ಸಿಗುವುದು ಕಷ್ಟ. ಇಲ್ಲಿ ಇಂಥ ಚಿತ್ರಗಳನ್ನು ತೋರಿಸುವುದೆಂದರೆ ಬೇರೆ ದೇಶದ ಚರಿತ್ರೆ ತೋರಿಸಿದಂತಲ್ಲ. ಪರದೆಯ ಮೇಲೆ ಓಡುವವನು ಯಾರದೋ ಮುತ್ತ್ಯಾ ಆಗಿರಬಹುದು.

ಪ್ರದರ್ಶನ ಕೆಟ್ಟಿತು. ಮೊದಲ ಮಹಾಯುದ್ಧದ ಭಾಗಕ್ಕೆ ಸಭೆ ನಕ್ಕಿತು. ಎರಡನೇ ಭಾಗದಲ್ಲಿ ಹುಡುಗರು ಸಿಳ್ಳೆ ಹೊಡೆದರು, ಹಿರಿಯರು ಮುಖ ತಿರುಗಿಸಿದರು. ಮೂರನೆಯದರಲ್ಲಿ ಟ್ಯಾಂಕೊಂದರ ಬಗ್ಗೆ ಜಗಳವಾಯಿತು, ಒಬ್ಬ ಹಿರಿಯರು ನಡುವೆಯೇ ಎದ್ದು ಹೋದರು. ಮಾರನೇ ದಿನ ಊರಿನಲ್ಲಿ ಎರಡು ಮಾತು ಹಬ್ಬಿದ್ದವು: ಈಗಿನ ಹುಡುಗರಿಗೆ ಸತ್ತವರ ಬಗ್ಗೆ ಮರ್ಯಾದೆ ಇಲ್ಲ ಎಂಬುದು ಒಂದು, ಮಿಲ್ಟ್ರಿ ಮಂದಿಗೆ ಏನು ತೋರಿಸಿದರೂ ತಪ್ಪೇ ಎಂಬುದು ಇನ್ನೊಂದು. ತುಣುಕುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದಾಗ ಎರಡೂ ಮಾತು ನಿಲ್ಲಲಿಲ್ಲ. ಜನ ಯುದ್ಧಕ್ಕೆ ನಕ್ಕಿರಲಿಲ್ಲ, ಯುದ್ಧಕ್ಕೆ ಸಿಳ್ಳೆ ಹೊಡೆದಿರಲಿಲ್ಲ. ಫಿಲ್ಮಿಗೆ ಆಮೇಲಿನವರು ಮಾಡಿದ ಕೆಲಸಕ್ಕೆ ಅವರು ಪ್ರತಿಕ್ರಿಯಿಸಿದ್ದರು. ನಿಜವಾಗಿ ಯುದ್ಧಕ್ಕೇ ಪ್ರತಿಕ್ರಿಯಿಸಿದ ಒಬ್ಬರೇ ಒಬ್ಬರನ್ನು ಆ ದಿನ ಯಾರೂ ಸರಿಯಾಗಿ ಅರ್ಥ ಮಾಡಿಕೊಳ್ಳಲಿಲ್ಲ.

ಏನೇನು ಇತ್ತು

ಮೂರು ಭಾಗ ಜೋಡಿಸಿದ ಒಂದೇ ವಿಡಿಯೊ ಫೈಲು, ಒಟ್ಟು 47 ನಿಮಿಷ. ಮೊದಲ 12 ನಿಮಿಷ ಫ್ರಾನ್ಸಿನಲ್ಲಿ ನಡೆದ 1916ರ ಸೋಮ್ ಕಾಳಗದ ಬ್ರಿಟಿಷ್ ಚಿತ್ರದ ಆಯ್ದ ದೃಶ್ಯಗಳು. ನಡುವಿನ 15 ನಿಮಿಷ 1944-45ರಲ್ಲಿ ಇಟಲಿಯಲ್ಲಿದ್ದ ಭಾರತೀಯ ಪಡೆಗಳು. ಕೊನೆಯ 20 ನಿಮಿಷ 1965 ಮತ್ತು 1971. ಎಲ್ಲವನ್ನೂ ಅಂತರ್ಜಾಲದಿಂದ ಇಳಿಸಿಕೊಳ್ಳಲಾಗಿತ್ತು. ಪ್ರೊಜೆಕ್ಟರ್ ಬೆಳಗಾವಿಯಿಂದ ಬಾಡಿಗೆಗೆ ಬಂತು, ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಪ್ಲೇಯರ್ ಇತ್ತು. ಸದ್ದಿಗೆ ಗಣಪತಿ ಮೆರವಣಿಗೆಗೆ ಹಚ್ಚುವ ಡಾಲ್ಬಿಯ ಎರಡು ದೊಡ್ಡ ಪೆಟ್ಟಿಗೆ ಇಟ್ಟಿದ್ದರು.

ನಗು

ನಗು ಶುರುವಾದ ಜಾಗ ಮುಖ್ಯ. ಕಂದಕದೊಳಗೆ ಒಬ್ಬ ಸೈನಿಕ ಗಾಯಗೊಂಡ ಜೊತೆಗಾರನನ್ನು ಹೆಗಲ ಮೇಲೆ ಹೊತ್ತು ಕ್ಯಾಮೆರಾದತ್ತ ಬರುತ್ತಾನೆ. ಹೊತ್ತು ತಂದ ಮೇಲೆ ಆ ಗಾಯಾಳು ಬದುಕಲಿಲ್ಲ ಎಂದು ಚಿತ್ರದ ಅಂದಿನ ಬರಹವೇ ಹೇಳುತ್ತದೆ. ಭಾರ ಹೊತ್ತವನು ಪುಟುಪುಟು ಓಡಿ ಬರುವಂತೆ ಕಂಡಿತು, ಸಭೆ ಗೊಳ್ಳೆಂದು ನಕ್ಕಿತು. ಮುಂದಿನ ಸಾಲಿನ ನಿವೃತ್ತ ಸುಬೇದಾರರು ಹಿಂದಕ್ಕೆ ತಿರುಗಿ, "ತಮ್ಮಾ, ಅವ್ರು ಸಾಯಾಕ ಹೊಂಟಾರ, ನೀವು ನಗಾಕತ್ತೀರಿ" ಎಂದರು. ಸೋಮ್ ಕಾಳಗದ ಮೊದಲ ದಿನ, 1916ರ ಜುಲೈ 1ರಂದು, ಬ್ರಿಟಿಷ್ ಸೇನೆಯಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 57,470 ಮಂದಿ. ಸತ್ತವರೇ 19,240. ಸುಬೇದಾರರ ಸಿಟ್ಟು ನ್ಯಾಯವಾದದ್ದು. ಆದರೆ ಹುಡುಗರು ನಕ್ಕದ್ದು ಸಾವಿಗಲ್ಲ, ನಡಿಗೆಗೆ.

ಆ ಕಾಲದ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಹಿಡಿಕೆಯ ಒಂದು ಸುತ್ತಿಗೆ 8 ಫ್ರೇಮು (ಒಂದು ಫ್ರೇಮು ಎಂದರೆ ಒಂದು ಬಿಡಿ ಚಿತ್ರ), ಸೆಕೆಂಡಿಗೆ ಎರಡು ಸುತ್ತು, ಅಂದರೆ ಸೆಕೆಂಡಿಗೆ ಸುಮಾರು 16 ಫ್ರೇಮು. ಇಳಿಸಿಕೊಂಡ ಫೈಲು ಓಡುತ್ತಿದ್ದದ್ದು ಸೆಕೆಂಡಿಗೆ 25 ಫ್ರೇಮಿನಲ್ಲಿ. ಹಳೆಯ ಫಿಲ್ಮಿನ ಒಂದು ಫ್ರೇಮನ್ನು ವಿಡಿಯೊದ ಒಂದು ಫ್ರೇಮಿಗೆ ನೇರವಾಗಿ ಇಳಿಸಿದ್ದರಿಂದ ಎಲ್ಲವೂ ಒಂದೂವರೆ ಪಟ್ಟಿಗಿಂತ ಹೆಚ್ಚು ಬೇಗ, ಸರಿಯಾಗಿ 1.56 ಪಟ್ಟು ಬೇಗ, ನಡೆಯುತ್ತಿತ್ತು.

ಇದನ್ನು ಲೆಕ್ಕ ಹಾಕಿ ತೋರಿಸಿದ್ದು ನಿವೃತ್ತ ಸೈನಿಕರೇ. ಕವಾಯತಿನ ಹೆಜ್ಜೆ ಅವರ ಮೈಯಲ್ಲೇ ಕೂತಿರುತ್ತದೆ. ಸಾಮಾನ್ಯ ಪದಾತಿ ದಳದ ಬೇಗದ ನಡಿಗೆ ನಿಮಿಷಕ್ಕೆ 120 ಹೆಜ್ಜೆ, ಅಂದರೆ 10 ಸೆಕೆಂಡಿಗೆ 20. ಪರದೆಯ ಮೇಲೆ ಕವಾಯತಿನಲ್ಲಿ ಹೋಗುವ ಸಾಲಿನ ಒಬ್ಬನ ಕಾಲನ್ನಷ್ಟೇ ನೋಡುತ್ತ ಹೆಜ್ಜೆ ಎಣಿಸಿದಾಗ 10 ಸೆಕೆಂಡಿಗೆ 31 ಬಂತು. 31ನ್ನು 20ರಿಂದ ಭಾಗಿಸಿದರೆ ಹತ್ತಿರಹತ್ತಿರ ಅದೇ 1.56. ಈ ಲೆಕ್ಕದಲ್ಲಿ ಒಂದು ಎಚ್ಚರ ಬೇಕು: ಲೈಟ್ ಇನ್‌ಫೆಂಟ್ರಿಯ ನಡಿಗೆಯೇ ನಿಮಿಷಕ್ಕೆ 140. ಅಂಥ ದಳದ ದೃಶ್ಯವನ್ನು 120ಕ್ಕೆ ಇಳಿಸಿದರೆ ಅಳತೆ ಕೆಡುತ್ತದೆ. ಕವಾಯತಿನ ದೃಶ್ಯವೇ ಇಲ್ಲದಿದ್ದರೆ ಕೆಳಗೆ ಬೀಳುವ ವಸ್ತು ಹುಡುಕಬೇಕು. ಎದೆಯ ಎತ್ತರದಿಂದ, ಅಂದರೆ 1.2 ಮೀಟರಿನಿಂದ, ಜಾರಿದ ಟೋಪಿ ಅಥವಾ ಡಬ್ಬಿ ನೆಲ ಮುಟ್ಟಲು ಅರ್ಧ ಸೆಕೆಂಡು ತೆಗೆದುಕೊಳ್ಳುತ್ತದೆ. 25 ಫ್ರೇಮಿನ ಫೈಲಿನಲ್ಲಿ ಅದು 12-13 ಫ್ರೇಮು ಇರಬೇಕು. ಎಂಟರಲ್ಲೇ ಮುಗಿದರೆ ವೇಗ ಹೆಚ್ಚಾಗಿದೆ ಎಂದರ್ಥ.

ನಿಧಾನ ಮಾಡುವ ಮೊದಲು ನೋಡಬೇಕಾದದ್ದು ಇನ್ನೊಂದಿದೆ. ಸಂಗ್ರಹಾಲಯಗಳಿಂದ ಬಂದ ಒಳ್ಳೆಯ ಪ್ರತಿಗಳಲ್ಲಿ ವೇಗವನ್ನು ಆಗಲೇ ಸರಿಪಡಿಸಿರುತ್ತಾರೆ. ಅದನ್ನು ಮತ್ತೆ ನಿಧಾನಿಸಿದರೆ ಸೈನಿಕರು ನೀರಿನೊಳಗೆ ನಡೆದಂತೆ ಕಾಣುತ್ತಾರೆ. ವಿಎಲ್‌ಸಿಯಲ್ಲಿ ವಿಡಿಯೊ ನಿಲ್ಲಿಸಿ 'ಇ' ಕೀಲಿ ಒತ್ತುತ್ತ ಹೋದರೆ ಒಂದೊಂದೇ ಫ್ರೇಮು ಸರಿಯುತ್ತದೆ. ನಡೆಯುವವನ ಕಾಲು ಪ್ರತಿ ಸಲವೂ ಮುಂದೆ ಹೋದರೆ ಫೈಲಿನಲ್ಲಿ ಫ್ರೇಮುಗಳ ಪುನರಾವರ್ತನೆ ಇಲ್ಲ, ನಿಧಾನಿಸಬೇಕು. ಮೂರಕ್ಕೊಮ್ಮೆ ಕಾಲು ಇದ್ದಲ್ಲೇ ನಿಂತರೆ ಎರಡು ಫ್ರೇಮನ್ನು ಮೂರು ಮಾಡಿದ್ದಾರೆ, ಅಂದರೆ 16ನ್ನು 24ಕ್ಕೆ ಏರಿಸಿದ್ದಾರೆ. ಅದನ್ನು ಮುಟ್ಟಬಾರದು. ಇಲ್ಲಿ ಪುನರಾವರ್ತನೆ ಇರಲಿಲ್ಲ. ಶಾಟ್‌ಕಟ್ ಎಂಬ ಉಚಿತ ಎಡಿಟಿಂಗ್ ತಂತ್ರಾಂಶದಲ್ಲಿ ತುಣುಕಿನ ವೇಗವನ್ನು 0.64 ಎಂದು ಕೊಟ್ಟರು (16 ಭಾಗಿಸು 25). ಹೊರಬರುವ ಫೈಲನ್ನು 25 ಫ್ರೇಮಿನಲ್ಲೇ ಇಟ್ಟರು. ಫ್ರೇಮುಗಳನ್ನು ಒಂದರೊಳಗೊಂದು ಕಲಸುವ ಆಯ್ಕೆಯನ್ನು ಬಳಸಲಿಲ್ಲ. ಅದು ಅಂಚುಗಳನ್ನೆಲ್ಲ ಮಸುಕು ಮಾಡುತ್ತದೆ. ಕೈಯಿಂದ ತಿರುಗಿಸಿದ ವೇಗ ದೃಶ್ಯದಿಂದ ದೃಶ್ಯಕ್ಕೆ ಬದಲಾಗುವುದರಿಂದ ಒಂದೆರಡು ದೃಶ್ಯಕ್ಕೆ 0.72, ಅಂದರೆ 18 ಫ್ರೇಮಿನ ಲೆಕ್ಕ, ಹೊಂದಿತು. 12 ನಿಮಿಷದ ಭಾಗ ಸುಮಾರು ಹದಿನೆಂಟೂವರೆ ನಿಮಿಷಕ್ಕೆ ಬೆಳೆದದ್ದರಿಂದ ಕೆಲವು ದೃಶ್ಯಗಳನ್ನು ಬಿಡಬೇಕಾಯಿತು.

ವೇಗದ ಜೊತೆಗೆ ಆಕಾರವೂ ಕೆಟ್ಟಿತ್ತು. ಹಳೆಯ ಫಿಲ್ಮಿನ ಚೌಕಟ್ಟು 4:3. ಪ್ರೊಜೆಕ್ಟರನ್ನು 16:9ಕ್ಕೆ ಪೂರ್ತಿ ತುಂಬುವಂತೆ ಇಟ್ಟಿದ್ದರಿಂದ ಎಲ್ಲರೂ ಮೂರನೇ ಒಂದರಷ್ಟು ದಪ್ಪಗಾಗಿದ್ದರು. ಪರೀಕ್ಷೆ ಸುಲಭ: ದುಂಡಗಿರಲೇಬೇಕಾದ ವಸ್ತುವನ್ನು ಅಳೆಯುವುದು. ಟ್ಯಾಂಕಿನ ದೃಶ್ಯವೊಂದನ್ನು ನಿಲ್ಲಿಸಿ, ಚೈನಿನ ಒಳಗಿನ ಗಾಲಿಯ ಮೇಲೆ ದರ್ಜಿಯ ಟೇಪು ಇಟ್ಟು ನೋಡಿದರೆ ಎತ್ತರ 30 ಸೆಂಟಿಮೀಟರ್, ಅಗಲ 40. ವಿಎಲ್‌ಸಿಯಲ್ಲಿ 'ಎ' ಕೀಲಿ ಒತ್ತುತ್ತ 4:3ಕ್ಕೆ ಬಂದಾಗ ಎರಡೂ ಸಮನಾದವು. ಎರಡು ಬದಿಯಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ, ಉಳಿಯಬೇಕು. ಪರದೆ ತುಂಬಲಿ ಎಂದು ಮೇಲೆ ಕೆಳಗೆ ಕತ್ತರಿಸಿದರೆ ಹೆಲ್ಮೆಟ್ಟು ಮತ್ತು ಬೂಟು ಹೋಗುತ್ತವೆ. ದಳ ಗುರುತಿಸಲು ಬೇಕಾಗುವುದೇ ಅವು.

ಕುಳ್ಳಗೆ, ದಪ್ಪಗೆ, ಲಗುಬಗೆಯಲ್ಲಿ ಓಡಾಡುವ ಕಪ್ಪು ಬಿಳುಪಿನ ಮನುಷ್ಯರನ್ನು ನಾವೆಲ್ಲ ಮೊದಲು ಕಂಡದ್ದು ಮೂಕಿ ಹಾಸ್ಯಚಿತ್ರಗಳಲ್ಲಿ, ಟೀವಿಯಲ್ಲಿ. ಅವುಗಳಲ್ಲೂ ಎಷ್ಟೋ ಬಾರಿ ಇದೇ ವೇಗದ ದೋಷ ಇರುತ್ತದೆ. ಆ ಚಲನೆ ಕಂಡೊಡನೆ ನಗಬೇಕೆಂದು ಕಣ್ಣಿಗೆ ರೂಢಿಯಾಗಿಬಿಟ್ಟಿದೆ. ನಗುವಿಗೆ ವಯಸ್ಸಿನ ಭೇದವೂ ಇರಲಿಲ್ಲ. ಸುಬೇದಾರರ ಪಕ್ಕದಲ್ಲಿದ್ದ ಅವರದೇ ವಯಸ್ಸಿನ ಇಬ್ಬರು ನಕ್ಕಿದ್ದರು.

ಇದೇ ಭಾಗದಲ್ಲಿ ಜನ ಉಸಿರು ಬಿಗಿ ಹಿಡಿದು ನೋಡಿದ ದೃಶ್ಯವೂ ಒಂದಿತ್ತು: ಸೈನಿಕರು ಕಂದಕದಿಂದ ಮೇಲೇರುತ್ತಾರೆ, ಒಬ್ಬ ಗುಂಡು ತಗುಲಿ ಹಿಂದಕ್ಕೆ ಜಾರುತ್ತಾನೆ. ಆ ದೃಶ್ಯ ಕಾಳಗದ್ದಲ್ಲ, ಮುಂಚೂಣಿಯ ಹಿಂದೆ ತರಬೇತಿ ಶಾಲೆಯೊಂದರಲ್ಲಿ ಮಾಡಿಸಿ ಚಿತ್ರಿಸಿದ್ದು ಎಂಬುದು ಇಂದು ಚರಿತ್ರೆಕಾರರ ಅಭಿಪ್ರಾಯ. ದಾಳಿಗೆ ಹೊರಟವರ ಬೆನ್ನ ಮೇಲೆ ಪೂರ್ತಿ ಸಾಮಾನಿಲ್ಲ, ಕ್ಯಾಮೆರಾ ನಿಂತ ಜಾಗದಲ್ಲಿ ನಿಜವಾದ ಕಾಳಗದಲ್ಲಿ ಯಾರೂ ನಿಲ್ಲಲಾಗದು. ನಿಜವಾದ ಸಾವಿನ ಮುಂದೆ ನಗು, ಆಡಿ ತೋರಿಸಿದ ಸಾವಿನ ಮುಂದೆ ಮೌನ. ನೋಡುಗರ ಪ್ರತಿಕ್ರಿಯೆಯಿಂದ ಅವರ ಮನಸ್ಸನ್ನು ಅಳೆಯಲು ಹೊರಡುವವರು ಇದೊಂದನ್ನು ನೆನಪಿಡಬೇಕು.

ಸದ್ದು

ಇಟಲಿಯ ಭಾಗಕ್ಕೆ ಹುಡುಗರು ಸಿಳ್ಳೆ ಹೊಡೆದದ್ದು ಫಿರಂಗಿಯ ಸದ್ದಿಗೆ. ಡಾಲ್ಬಿಯ ಪೆಟ್ಟಿಗೆ ಎದೆಗೆ ಗುದ್ದುವಂತೆ ಮಾಡಿದ್ದೇ ಅದರ ಕೆಲಸಕ್ಕೆ, ಮೆರವಣಿಗೆಗೆ. ಗುಂಡು ಹಾರಿದಾಗಲೆಲ್ಲ ಗೋಡೆ ನಡುಗಿತು. ಕೂಸುಗಳು ಅತ್ತವು, ತೋಪಖಾನೆಯಲ್ಲಿ ಕೆಲಸ ಮಾಡಿ ಕಿವಿ ಕಳೆದುಕೊಂಡಿದ್ದ ಹಿರಿಯರು ಶ್ರವಣಯಂತ್ರ ತೆಗೆದು ಜೇಬಿಗೆ ಹಾಕಿಕೊಂಡರು.

ಆ ಸದ್ದು ಯಾವುದೂ ಇಟಲಿಯದ್ದಲ್ಲ. ಎರಡನೇ ಮಹಾಯುದ್ಧದ ಕ್ಯಾಮೆರಾಮನ್ನುಗಳ ಕೈಯಲ್ಲಿದ್ದದ್ದು ಬಹುತೇಕ ಸ್ಪ್ರಿಂಗಿನಿಂದ ಓಡುವ, ಸದ್ದು ಹಿಡಿಯದ ಕ್ಯಾಮೆರಾ. ಐಮೊದಂಥ 35 ಮಿಲಿಮೀಟರಿನ ಕ್ಯಾಮೆರಾದಲ್ಲಿ 100 ಅಡಿಯ ಸುರುಳಿ ಹಿಡಿಯುತ್ತಿತ್ತು. ಅಡಿಗೆ 16 ಫ್ರೇಮಿನಂತೆ 1600 ಫ್ರೇಮು, ಸೆಕೆಂಡಿಗೆ 24ರಂತೆ ಸುಮಾರು 67 ಸೆಕೆಂಡು. ಸದ್ದನ್ನು ಆಮೇಲೆ ಸ್ಟುಡಿಯೊದಲ್ಲಿ ಸೇರಿಸುತ್ತಿದ್ದರು, ಈಗ ಅಂತರ್ಜಾಲಕ್ಕೆ ಏರಿಸುವವರು ತಮಗೆ ಸಿಕ್ಕ ಸದ್ದನ್ನು ಅದರ ಮೇಲೆ ಮತ್ತೆ ಸೇರಿಸುತ್ತಾರೆ.

ಸೇರಿಸಿದ ಸದ್ದನ್ನು ಹಿಡಿಯಲು ಎರಡು ದಾರಿ ಇವೆ. ಮೊದಲನೆಯದು ದೂರ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಒಂದು ಕಿಲೋಮೀಟರ್ ಆಚೆ ಶೆಲ್ಲು ಸಿಡಿದರೆ ಹೊಗೆ ಕಂಡ ಮೂರು ಸೆಕೆಂಡಿನ ಮೇಲೆ ಸದ್ದು ಬರಬೇಕು. ಬೆಟ್ಟದ ಬೆನ್ನಿನ ಮೇಲೆ ಹೊಗೆ ಎದ್ದ ಕ್ಷಣಕ್ಕೇ ಢಂ ಎಂದರೆ ಅದು ಆಮೇಲೆ ಅಂಟಿಸಿದ್ದು. ಎರಡನೆಯದು ಆಯುಧದ ಗತಿ, ಅದನ್ನು ಹೇಳಬಲ್ಲವರು ಸಭೆಯಲ್ಲೇ ಕೂತಿದ್ದರು. ಪರದೆಯ ಮೇಲಿದ್ದದ್ದು ಬ್ರೆನ್ ಗನ್ನು ಎಂಬ ಹಗುರ ಮೆಷಿನ್ ಗನ್ನು (ಎಲ್‌ಎಂಜಿ), ಮೇಲ್ಗಡೆ ಬಾಗಿದ ಮ್ಯಾಗಜೀನು ಸ್ಪಷ್ಟವಾಗಿ ಕಾಣುತ್ತದೆ. ಸೇನೆಯಲ್ಲಿ ನಾಯಕ ಹುದ್ದೆಯಿಂದ ನಿವೃತ್ತರಾದ ಒಬ್ಬರು ಹೇಳಿದ್ದು ಹೀಗೆ: "ನಮ್ಮ ಎಲ್‌ಎಂಜಿ ಹೊಡದ್ರ ಗುಂಡು ಎಣಸಾಕ ಬರ್ತೈತ್ರಿ. ಇದು ಅರಿವಿ ಹರದಂಗ ಕೇಳ್ತೈತಿ." ಬ್ರೆನ್ ನಿಮಿಷಕ್ಕೆ ಸುಮಾರು 500 ಗುಂಡು ಹಾರಿಸುತ್ತದೆ, ಸೆಕೆಂಡಿಗೆ ಎಂಟು. ಅಂಟಿಸಿದ್ದ ಸದ್ದು ನಿಮಿಷಕ್ಕೆ 1200ರಷ್ಟು ಹಾರಿಸುವ ಜರ್ಮನ್ ಎಂಜಿ-42ರಂಥದ್ದು. ಇನ್ನೂ ಒಂದು ಸಾಕ್ಷಿ ಇತ್ತು. ಬ್ರೆನ್ನಿನ ಮ್ಯಾಗಜೀನು ಹಿಡಿಯುವುದು 30 ಗುಂಡು, ನಿಲ್ಲಿಸದೆ ಹೊಡೆದರೆ ನಾಲ್ಕು ಸೆಕೆಂಡಿನೊಳಗೆ ಖಾಲಿ. ಇಲ್ಲಿ ಮ್ಯಾಗಜೀನು ಬದಲಿಸದೆ ಇಪ್ಪತ್ತು ಸೆಕೆಂಡು ಸದ್ದು ಬರುತ್ತಲೇ ಇತ್ತು.

ಹಿರಿಯರು ಮುಖ ತಿರುಗಿಸಿದ್ದನ್ನು ಸಂಘಟಕರು ಬೇಸರ ಎಂದುಕೊಂಡಿದ್ದರು. ಸುಳ್ಳು ಸದ್ದಿನ ಮುಂದೆ ಗೊತ್ತಿದ್ದವನು ಮತ್ತೇನು ಮಾಡುತ್ತಾನೆ? ಹುಡುಗರಿಗೂ ತಪ್ಪು ಹೊರಿಸಲಾಗದು. ಮೆರವಣಿಗೆಯ ಪೆಟ್ಟಿಗೆಯಿಂದ ಬಂದ ಸದ್ದಿಗೆ ಮೆರವಣಿಗೆಯಲ್ಲಿ ಮಾಡುವುದನ್ನೇ ಮಾಡಿದರು.

ಜಮಾಲ್‌ಪುರದಲ್ಲಿ ಪ್ಯಾಟನ್

ಮೂರನೇ ಭಾಗದ ಜಗಳಕ್ಕೆ ಕಾರಣ ಒಂದೇ ತುಣುಕು. ತಲೆಬರಹದಲ್ಲಿ "1971, ಜಮಾಲ್‌ಪುರ" ಎಂದಿತ್ತು, ಪರದೆಯ ಮೇಲೆ ಸಾಲಾಗಿ ನಿಲ್ಲಿಸಿದ, ಸೆರೆಸಿಕ್ಕ ಟ್ಯಾಂಕುಗಳಿದ್ದವು.

ಜಮಾಲ್‌ಪುರದ ಹೆಸರು ಈ ಸೀಮೆಯಲ್ಲಿ ಸುಮ್ಮನೆ ಬಾಯಿಗೆ ಬರುವುದಲ್ಲ. ಅದು ಆಗಿನ ಪೂರ್ವ ಪಾಕಿಸ್ತಾನದ, ಈಗಿನ ಬಾಂಗ್ಲಾದೇಶದ ಊರು. 1971ರ ಡಿಸೆಂಬರಿನಲ್ಲಿ ಬ್ರಹ್ಮಪುತ್ರ ದಾಟಿ ಜಮಾಲ್‌ಪುರದ ದಕ್ಷಿಣಕ್ಕೆ ಹೋಗಿ ಪಾಕಿಸ್ತಾನಿ ಪಡೆಯ ಹಿಂದಾರಿ ಕಟ್ಟಿದ್ದು 1 ಮರಾಠಾ ಬೆಟಾಲಿಯನ್ನು, ಅಂದರೆ ಜಂಗಿ ಪಲ್ಟಣ. ಶರಣಾಗಿರೆಂದು ಬ್ರಿಗೇಡಿಯರ್ ಹರ್ದಿತ್ ಸಿಂಗ್ ಕ್ಲೇರ್ ಬರೆದ ಪತ್ರಕ್ಕೆ ಎದುರಾಳಿ ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ಸುಲ್ತಾನ್ ಅಹ್ಮದ್ ಉತ್ತರದ ಜೊತೆ ಒಂದು ಗುಂಡನ್ನು ಇಟ್ಟು ಕಳಿಸಿದ ಕತೆ ಪಲ್ಟಣದ ಮನೆಗಳಲ್ಲಿ ಮಕ್ಕಳಿಗೂ ಗೊತ್ತು.

ಆರ್ಮರ್ಡ್ ದಳದ ವರ್ಕ್‌ಶಾಪಿನಲ್ಲಿದ್ದ ಒಬ್ಬ ನಿವೃತ್ತರು ಎದ್ದು ನಿಂತು, "ಇದು ಜಮಾಲ್‌ಪುರ ಅಲ್ರಿ, ಇವು ಪ್ಯಾಟನ್ನು" ಎಂದರು. ಹುಡುಗನೊಬ್ಬ, "ಕಾಕಾ, ಬರದೈತಲ್ರಿ ಅಲ್ಲಿ" ಎಂದ. ಮಾತಿಗೆ ಮಾತು ಬೆಳೆಯಿತು. ಬರಹವನ್ನು ನಂಬುವುದೋ ಕಂಡದ್ದನ್ನು ನಂಬುವುದೋ ಎಂಬ ಈ ಪ್ರಶ್ನೆಗೆ ಉತ್ತರ ಗಾಲಿಗಳಲ್ಲಿತ್ತು. ತುಣುಕಿನ ಟ್ಯಾಂಕಿಗೆ ಚೈನಿನೊಳಗೆ ಆರು ದೊಡ್ಡ ಗಾಲಿ, ಮೇಲೆ ಚೈನನ್ನು ಎತ್ತಿ ಹಿಡಿಯುವ ಮೂರು ಸಣ್ಣ ರೋಲರು, ಹಿಂದೆ ಕೊನೆಯ ಗಾಲಿಗೂ ಹಲ್ಲಿನ ಚಕ್ರಕ್ಕೂ ನಡುವೆ ಒಂದು ಪುಟ್ಟ ಗಾಲಿ, ಮುಂದೆ ಚಾಲಕನ ಪಕ್ಕ ಮೆಷಿನ್ ಗನ್ನು ಕೂರಿಸಿದ ಚೆಂಡಿನಂಥ ಉಬ್ಬು. ಇದು ಅಮೆರಿಕದಲ್ಲಿ ತಯಾರಾದ ಎಂ-47 ಪ್ಯಾಟನ್ ಟ್ಯಾಂಕು. ಪೂರ್ವದಲ್ಲಿ ಪಾಕಿಸ್ತಾನದ ಬಳಿ ಇದ್ದದ್ದು ಎಂ-24 ಚಾಫಿ ಎಂಬ ಹಗುರ ಟ್ಯಾಂಕು, ಅದಕ್ಕೆ ಗಾಲಿ ಐದು. ಪ್ಯಾಟನ್ನುಗಳು ಇದ್ದದ್ದು ಪಶ್ಚಿಮದಲ್ಲಿ. ಸಾಲಾಗಿ ನಿಲ್ಲಿಸಿದ ಪ್ಯಾಟನ್ನುಗಳು ಎಂದೊಡನೆ ನೆನಪಾಗುವುದು 1965ರ ಸೆಪ್ಟೆಂಬರಿನ ಅಸಲ್ ಉತ್ತರ್, ಪಂಜಾಬಿನ ಖೇಮ್‌ಕರಣ್ ಬಳಿ. ಜೀಪಿನ ಮೇಲಿನ 106 ಮಿಲಿಮೀಟರ್ ತೋಪಿನಿಂದ ಪ್ಯಾಟನ್ನುಗಳನ್ನು ಒಡೆದು ಅಬ್ದುಲ್ ಹಮೀದ್ ಹುತಾತ್ಮರಾದ ಕಾಳಗ ಅದೇ.

ಗಾಲಿ ಎಣಿಸುವ ವಿದ್ಯೆ ಇಂಥ ಪ್ರದರ್ಶನ ಮಾಡುವವರಿಗೆಲ್ಲ ಉಪಯೋಗಕ್ಕೆ ಬರುತ್ತದೆ. ಗೋಪುರ ಹೊಗೆಯಲ್ಲಿ ಮುಚ್ಚಿದ್ದರೂ ಎಷ್ಟೋ ಸಲ ಗಾಲಿ ಕಾಣುತ್ತದೆ. ಟಿ-55 ಟ್ಯಾಂಕಿಗೆ ಐದು ಗಾಲಿ, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಎದ್ದು ಕಾಣುವ ಅಂತರ, ಮೇಲಿನ ರೋಲರು ಇಲ್ಲ. ನೀರಿನಲ್ಲಿ ಈಜುವ ಪಿಟಿ-76ಕ್ಕೆ ಆರು ಗಾಲಿ, ದೋಣಿಯಂಥ ಮೂತಿ. ಶರ್ಮನ್ನಿನ ಆರು ಗಾಲಿ ಎರಡೆರಡರ ಮೂರು ಜೋಡಿಯಾಗಿ ಕೂತಿರುತ್ತವೆ. ಸೆಂಚುರಿಯನ್ನಿನ ಗಾಲಿಗಳ ಮೇಲ್ಭಾಗ ಸಾಮಾನ್ಯವಾಗಿ ಪಕ್ಕದ ತಗಡಿನಲ್ಲಿ ಮುಚ್ಚಿರುತ್ತದೆ. ಸೈನಿಕರ ಕೈಯಲ್ಲಿನ ಬಂದೂಕೂ ಕಾಲ ಹೇಳುತ್ತದೆ: 1962ರಲ್ಲಿ ನಮ್ಮವರ ಬಳಿ ಇದ್ದದ್ದು .303, ಒಂದೊಂದು ಗುಂಡಿಗೂ ಬೋಲ್ಟ್ ಎಳೆಯಬೇಕು. 1971ರ ಹೊತ್ತಿಗೆ ಪದಾತಿಯ ಕೈಯಲ್ಲಿ ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುವ 7.62ರ ಎಸ್‌ಎಲ್‌ಆರ್. .303ರ ಬೋಲ್ಟಿನ ಹಿಡಿ ಬಲಗಡೆ ಇರಬೇಕು, ಎಡಗಡೆ ಕಂಡರೆ ಯಾರೋ ತುಣುಕನ್ನು ಕನ್ನಡಿಯಂತೆ ತಿರುಗಿಸಿದ್ದಾರೆ. ಹಕ್ಕುಸ್ವಾಮ್ಯದ ತಪಾಸಣೆ ತಪ್ಪಿಸಿಕೊಳ್ಳಲು ಏರಿಸುವವರು ಹೀಗೆ ಮಾಡುವುದುಂಟು.

ಮುತ್ತ್ಯಾನ ಮುಖ

ಇಟಲಿಯ ಭಾಗಕ್ಕೆ ಬಣ್ಣ ಹಚ್ಚಲಾಗಿತ್ತು, ತಂತ್ರಾಂಶದಿಂದ ಮುಖಗಳನ್ನು ಚೂಪು ಮಾಡಲಾಗಿತ್ತು. ಹುಡುಗರಿಗೆ ಅದು ಹಿಡಿಸಿತು. ಹೆಂಗಸರ ಸಾಲಿನಿಂದ ಒಂದು ಮಾತು ಬಂತು: "ನಮ್ಮ ಮಂದಿ ಇಷ್ಟ ಬೆಳ್ಳಗ ಎಲ್ಲಿದ್ರು?" ನಿಜ. ಕಪ್ಪು ಬಿಳುಪಿನ ಫಿಲ್ಮಿನಲ್ಲಿ ಬಣ್ಣದ ಮಾಹಿತಿಯೇ ಇಲ್ಲ, ತಂತ್ರಾಂಶ ಊಹಿಸುತ್ತದೆ. ಮರಾಠಾ, ಗೂರ್ಖಾ, ಸಿಖ್ ಎಲ್ಲರ ಮುಖಕ್ಕೂ ಗುಲಾಬಿ ಬಣ್ಣ ಬಂದಿತ್ತು.

ಇದಕ್ಕಿಂತ ಗಂಭೀರವಾದದ್ದು ಆಮೇಲೆ ಗೊತ್ತಾಯಿತು. ಹುಡುಗನೊಬ್ಬ ಮೊಬೈಲಿನಲ್ಲಿ ಪರದೆಯ ಚಿತ್ರ ಹಿಡಿದುಕೊಂಡು ಹೋಗಿ ಮನೆಯ ಗೋಡೆಯ ಮೇಲಿನ ಫೋಟೊಗೆ ಹೋಲಿಸಿದ. "ಇಂವ ನಮ್ಮ ಮುತ್ತ್ಯಾನ ಅದಾನ್ರಿ" ಎಂದು ಮನೆಮಂದಿಯೆಲ್ಲ ನಂಬಿಬಿಟ್ಟರು. ಚೂಪು ಮಾಡುವ ತಂತ್ರಾಂಶ ಇದ್ದ ಮುಖವನ್ನು ಬೆಳಗುವುದಿಲ್ಲ, ಮಸುಕಾದ ಜಾಗದಲ್ಲಿ ಹೊಸ ಕಣ್ಣು, ಹೊಸ ಹಲ್ಲು ಬರೆಯುತ್ತದೆ. ಸಂಸ್ಕರಿಸದ ಪ್ರತಿಯಲ್ಲಿ ಅದೇ ಫ್ರೇಮು ನೋಡಿದರೆ ಅಲ್ಲಿ ಮುಖದ ಜಾಗದಲ್ಲಿ ಇದ್ದದ್ದು ಹೆಲ್ಮೆಟ್ಟಿನ ನೆರಳು ಮತ್ತು ಒಂದು ಬೂದು ಕಲೆ. ಹೋಲಿಕೆ ಕಂಡದ್ದು ಯಂತ್ರ ಬರೆದ ಮುಖದಲ್ಲಿ.

ಮನೆತನದ ಭಾವನೆಯನ್ನು ತಳ್ಳಿಹಾಕದೆ ಪರಿಶೀಲಿಸುವ ದಾರಿ ಹೀಗಿತ್ತು. ಮೊದಲು ಮನೆಯಲ್ಲಿದ್ದ ಡಿಸ್ಚಾರ್ಜ್ ಕಾಗದ. ಅದರಲ್ಲಿ ಬೆಟಾಲಿಯನ್ನು 1/5, ಅಂದರೆ 5ನೇ ಮರಾಠಾ ರೆಜಿಮೆಂಟಿನ ಮೊದಲ ಬೆಟಾಲಿಯನ್ನು, ಎಂದಿತ್ತು, ಬೇರೆ ಬೆಟಾಲಿಯನ್ನಿಗೆ ವರ್ಗವಾದ ನಮೂದು ಇರಲಿಲ್ಲ. 1/5 ಮರಾಠಾ ಇಟಲಿಯಲ್ಲಿ 8ನೇ ಭಾರತೀಯ ಡಿವಿಜನ್ನಿನಲ್ಲಿತ್ತು. 1945ರ ಏಪ್ರಿಲ್ 9ರಂದು ಸೆನಿಯೊ ನದಿಯ ಬಳಿ ವಿಕ್ಟೋರಿಯಾ ಕ್ರಾಸ್ ಗಳಿಸಿದ ಸಿಪಾಯಿ ನಾಮದೇವ ಜಾಧವ ಇದೇ ಬೆಟಾಲಿಯನ್ನಿನವರು. ಆಮೇಲೆ ತುಣುಕಿನ ಮೂಲ. ಯುದ್ಧದ ಕ್ಯಾಮೆರಾಮನ್ನುಗಳು ಪ್ರತಿ ಸುರುಳಿಯ ಜೊತೆ ಡೋಪ್ ಶೀಟ್ ಎಂಬ ಚೀಟಿ ಕಳಿಸುತ್ತಿದ್ದರು. ದಿನಾಂಕ, ಜಾಗ, ದಳ, ದೃಶ್ಯದಿಂದ ದೃಶ್ಯಕ್ಕೆ ಏನಿದೆ ಎಂಬುದು ಅದರಲ್ಲಿರುತ್ತದೆ, ಸಂಗ್ರಹಾಲಯದ ವಿವರಣೆಗೆ ಆಧಾರವೂ ಅದೇ. ಈ ತುಣುಕಿನ ವಿವರಣೆಯಲ್ಲಿದ್ದದ್ದು 1944ರ ಜುಲೈ, ಮೇಲಿನ ಟೈಬರ್ ಕಣಿವೆ, 10ನೇ ಡಿವಿಜನ್. ಅಲ್ಲಿದ್ದದ್ದು 3/5 ಮರಾಠಾ, ಜುಲೈ 10ರಂದು ನಾಯಕ ಯಶವಂತ ಘಾಡಗೆ ಪ್ರಾಣ ಕೊಟ್ಟು ವಿಕ್ಟೋರಿಯಾ ಕ್ರಾಸ್ ಪಡೆದ ದಳ. ಮುತ್ತ್ಯಾ ಆ ತುಣುಕಿನಲ್ಲಿ ಇರಲಾರ. ಮನೆಯವರಿಗೆ ಕಾಗದ ಮುಂದಿಟ್ಟು ಹೇಳಿದಾಗ ಒಪ್ಪಿದರು. ಹುಡುಗ ಮುಖ ಸಣ್ಣದು ಮಾಡಿಕೊಂಡ, ಆಮೇಲೆ ಸೆನಿಯೊ ಕಡೆಯ ಫಿಲ್ಮು ಎಲ್ಲಿ ಸಿಗುತ್ತದೆ ಎಂದು ಕೇಳಿದ. ಈ ಇಡೀ ಪ್ರಕರಣದಲ್ಲಿ ಸಿಕ್ಕ ಅತಿ ಒಳ್ಳೆಯ ಪ್ರತಿಕ್ರಿಯೆ ಅದು.

ಎದ್ದು ಹೋದವರು

ಜಗಳದ ನಡುವೆ ಎದ್ದು ಹೋದ ಹವಾಲ್ದಾರರು ಟ್ಯಾಂಕಿನ ವಿಷಯಕ್ಕೆ ಸಿಟ್ಟಾದರೆಂದು ಎಲ್ಲರೂ ತಿಳಿದರು. ಅವರು 1971ರಲ್ಲಿ ಪೂರ್ವದಲ್ಲಿದ್ದವರು. ಜಗಳ ನಡೆದಾಗ ವಿಡಿಯೊ ನಿಲ್ಲಿಸಿರಲಿಲ್ಲ. ಪರದೆಯ ಮೇಲೆ ರಸ್ತೆ ಪಕ್ಕದ ತಗ್ಗಿನಲ್ಲಿ ಬಿದ್ದ ಹೆಣಗಳು ಬಂದಿದ್ದವು. ಮುನ್ಸೂಚನೆ ಇಲ್ಲ, ದೀಪ ಪೂರ್ತಿ ಆರಿಸಿತ್ತು, ಅವರು ಕೂತದ್ದು ಗೌರವಕ್ಕೆಂದು ಮುಂದಿನ ಸಾಲಿನ ನಡುವೆ, ಎರಡೂ ಕಡೆ ಜನ. ಹೊರಬರಲು ಹತ್ತು ಮಂದಿಯ ಮೊಳಕಾಲು ದಾಟಬೇಕಾಯಿತು. ಹೊರಗೆ ಬಂದವರ ಕೈಗೆ ಒಬ್ಬ ಕಾರ್ಯಕರ್ತ ಮೈಕು ಕೊಟ್ಟು, "ಅಜ್ಜಾರ, ನಿಮ್ಮ ಅನುಭವ ಒಂಚೂರು ಹೇಳ್ರಿ" ಎಂದ. ಅವರು ಮನೆಗೆ ಹೋದರು. ಆ ರಾತ್ರಿ, ಮರುರಾತ್ರಿ ನಿದ್ದೆ ಇಲ್ಲ ಎಂದು ಅವರ ಸೊಸೆ ಆಮೇಲೆ ತಿಳಿಸಿದರು.

ವೇಗ, ಸದ್ದು, ಬರಹ ಯಾವುದನ್ನು ಸರಿಮಾಡಿದರೂ ಇದು ಸರಿಹೋಗುವುದಿಲ್ಲ. ಇಲ್ಲಿ ಫಿಲ್ಮು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಬದಲಾಗಬೇಕಾದದ್ದು ಕೂರಿಸುವ, ಕೇಳುವ ರೀತಿ. ಹೆಣಗಳು, ಗಾಯಾಳುಗಳು, ಶರಣಾದವರ ದೃಶ್ಯ ಎಲ್ಲೆಲ್ಲಿ ಬರುತ್ತವೆ ಎಂದು ಮೊದಲೇ ನಿಮಿಷ ಸಮೇತ ಪಟ್ಟಿ ಮಾಡಿ ಆರಂಭದಲ್ಲಿ ಓದಬೇಕು. ಬಾಗಿಲ ಪಕ್ಕದ ಕುರ್ಚಿಗಳನ್ನು ಯುದ್ಧ ಕಂಡವರಿಗೆ ಬಿಡಬೇಕು. ಗೋಡೆಯ ಒಂದು ದೀಪ ಉರಿಯುತ್ತಿರಬೇಕು, ಹೊರಗೆ ನೀರು ಮತ್ತು ಒಬ್ಬ ಮನೆಮಂದಿ ಇರಬೇಕು. ಮೈಕು ಯಾರ ಕೈಗೂ ತಾನಾಗಿ ಹೋಗಬಾರದು.

ಹವಾಲ್ದಾರರು ಆಮೇಲೆ ಮಾತಾಡಿದರು, ಸಭೆಯಲ್ಲಿ ಅಲ್ಲ, ಸುಬೇದಾರರ ಮನೆಯ ಪಡಸಾಲೆಯಲ್ಲಿ, ಲ್ಯಾಪ್‌ಟಾಪಿನ ಮುಂದೆ. ಬರೀ ಯಂತ್ರಗಳ ತುಣುಕು ತೋರಿಸಿದಾಗ ಮಾರ್ಟರಿನ (ಗುಂಡನ್ನು ಮೇಲಕ್ಕೆ ಎಸೆಯುವ ಸಣ್ಣ ತೋಪು) ದೃಶ್ಯಕ್ಕೆ ಕೈ ಎತ್ತಿ ನಿಲ್ಲಿಸಲು ಹೇಳಿದರು. ಭತ್ತದ ಗದ್ದೆಯ ಹಸಿ ಮಣ್ಣಿನಲ್ಲಿ ಪ್ರತಿ ಗುಂಡಿಗೂ ಅದರ ಬೇಸ್ ಪ್ಲೇಟು, ಅಂದರೆ ಅಡಿಯ ತಟ್ಟೆ, ಒಳಗಿಳಿಯುತ್ತದೆ, ಒಂದು ಬದಿ ಹೆಚ್ಚು ಇಳಿದರೆ ಗುರಿ ತಪ್ಪುತ್ತದೆ, ಅದಕ್ಕೆ ಕೆಳಗೆ ಮಣ್ಣಿನ ಚೀಲ ಹಾಸಬೇಕು, ಕೆಲವು ಗುಂಡಿನ ನಂತರ ಪ್ಲೇಟು ಕಿತ್ತು ಮತ್ತೆ ಕೂರಿಸಬೇಕು ಎಂದು ಕೈಯಲ್ಲೇ ತೋರಿಸಿದರು. ಯುದ್ಧ ಕಂಡವರನ್ನು "ಹೆಂಗಿತ್ತು" ಎಂದು ಕೇಳಿದರೆ ಮಾತು ನಿಲ್ಲುತ್ತದೆ. ಅವರು ದಿನವೂ ಹಿಡಿದ ಸಾಮಾನಿನ ಬಗ್ಗೆ ಕೇಳಿದರೆ ಎಷ್ಟು ಹೇಳಬೇಕೆಂಬುದು ಅವರ ಕೈಯಲ್ಲೇ ಉಳಿಯುತ್ತದೆ.

ಎರಡನೇ ಸಲ

ಜನವರಿ 15ರ ಸೇನಾ ದಿನಕ್ಕೆ ಅದೇ ಭವನದಲ್ಲಿ ಮತ್ತೆ ತೋರಿಸಿದರು. ಡಾಲ್ಬಿ ತೆಗೆದು ಶಾಲೆಯ ಪ್ರಾರ್ಥನೆಗೆ ಬಳಸುವ ಸಣ್ಣ ಸ್ಪೀಕರು ಇಟ್ಟರು. ಅಂಟಿಸಿದ ಸದ್ದು ಪೂರ್ತಿ ಬಂದ್. ಬದಲಿಗೆ ಒಬ್ಬ ಶಿಕ್ಷಕಿ ಮೈಕಿನಲ್ಲಿ ಕನ್ನಡದಲ್ಲಿ ವಿವರ ಓದಿದರು: ಜಾಗ, ವರ್ಷ, ದಳ, ಆಯುಧ, ಅಷ್ಟೇ. ಹತ್ತು ಸೆಕೆಂಡಿನ ದೃಶ್ಯಕ್ಕೆ ಹದಿನೈದು ಪದಕ್ಕಿಂತ ಹೆಚ್ಚು ಓದಿದರೆ ಮಾತು ಮುಂದಿನ ದೃಶ್ಯದ ಮೇಲೆ ಹರಿಯುತ್ತದೆ ಎಂಬುದು ತಾಲೀಮಿನಲ್ಲೇ ತಿಳಿದಿತ್ತು. ಬಣ್ಣದ ಪ್ರತಿಯ ಬದಲು ಮೂಲ ಕಪ್ಪು ಬಿಳುಪು ಪ್ರತಿ ಬಂತು. ಅದು ಸಿಗದ ಎರಡು ತುಣುಕಿಗೆ ವಿಎಲ್‌ಸಿಯ ಎಫೆಕ್ಟುಗಳಲ್ಲಿ ಬಣ್ಣದ ಪ್ರಮಾಣವನ್ನು ಸೊನ್ನೆಗೆ ಇಳಿಸಿದರು. ಇದರಿಂದ ಬಣ್ಣ ಹೋಗುತ್ತದೆ, ತಂತ್ರಾಂಶ ಬರೆದ ಮುಖ ಹೋಗುವುದಿಲ್ಲ. ಅದನ್ನೂ ಶಿಕ್ಷಕಿ ಓದಿ ಹೇಳಿದರು.

ಗಾಯಾಳುವನ್ನು ಹೊತ್ತು ಬರುವ ದೃಶ್ಯಕ್ಕೆ ಯಾರೂ ನಗಲಿಲ್ಲ. ನಿಧಾನಕ್ಕೆ ಇಳಿದಾಗ ಹೊತ್ತವನು ಕಾಲು ಎಳೆಯುತ್ತಿರುವುದು, ಕ್ಯಾಮೆರಾದ ಕಡೆ ಒಮ್ಮೆ ನೋಡುವುದು ಕಂಡಿತು. "ಅಂವ ಬದುಕಿದ್ನೇನ್ರಿ?" ಎಂದು ಹಿಂದಿನ ಸಾಲಿನಿಂದ ಪ್ರಶ್ನೆ ಬಂತು. ಒಂದೇ ಕಡೆ ಸಭೆ ನಕ್ಕಿತು: ಕ್ಯಾಮೆರಾ ಕಂಡು ಸೈನಿಕರೇ ಟೋಪಿ ಬೀಸಿ ನಗುವ ದೃಶ್ಯದಲ್ಲಿ. ಆ ನಗು ಇರಬೇಕಾದದ್ದೇ.

ಎಲ್ಲವೂ ಸರಿಹೋಗಲಿಲ್ಲ. ಸದ್ದಿಲ್ಲದ ಫಿಲ್ಮು ನಾಲ್ಕೈದು ನಿಮಿಷ ದಾಟಿದ ಮೇಲೆ ಹುಡುಗರು ಮೊಬೈಲು ತೆಗೆದರು. ಕೆಲವರು "ಹೋದ ಸಲದ್ದ ಚಲೋ ಇತ್ತು, ಇದು ಸಪ್ಪಿ" ಎಂದು ಎದ್ದರು. ಮೊದಲ ಭಾಗವನ್ನು ಮೂರು ತುಂಡು ಮಾಡಿ ನಡುವೆ ಪ್ರಶ್ನೆಗೆ ಸಮಯ ಬಿಟ್ಟಿದ್ದರೆ ತಡೆದು ನಿಲ್ಲುತ್ತಿದ್ದರು ಎಂಬುದು ನಮ್ಮ ಅಂದಾಜು. ಪ್ಯಾಟನ್ ತುಣುಕಿಗೆ "ಎಂ-47 ಪ್ಯಾಟನ್ನುಗಳು, ಪಶ್ಚಿಮ ಗಡಿ, ಬಹುಶಃ 1965" ಎಂಬ ಹೊಸ ಬರಹ ಬಂತು. ಜಮಾಲ್‌ಪುರದ ಹೆಸರಿನ ಕೆಳಗೆ ತೋರಿಸಲು ನಂಬಬಹುದಾದ ತುಣುಕು ಸಿಗದೆ, ಆ ಜಾಗದಲ್ಲಿ ನಕ್ಷೆ ಹಾಕಿ ಸುಬೇದಾರರೇ ನದಿ ದಾಟಿದ ದಾರಿಯನ್ನು ಕೋಲಿನಿಂದ ತೋರಿಸಿದರು. ಮೂರನೇ ಭಾಗದಲ್ಲಿ ಇನ್ನೂ ಕೆಲವು ತುಣುಕುಗಳ ಜಾಗ, ವರ್ಷ ಗೊತ್ತಾಗಿಲ್ಲ. ಅವುಗಳನ್ನು ಬೇರೆ ಫೋಲ್ಡರಿನಲ್ಲಿ ಇಟ್ಟು, ಒಂದೊಂದಕ್ಕೂ ಗಾಲಿಗಳ ಸಂಖ್ಯೆ, ಬಂದೂಕು, ಹೆಲ್ಮೆಟ್ಟು, ಹಿನ್ನೆಲೆಯ ಗಿಡ ಮತ್ತು ಮಣ್ಣು ಬರೆದ ಹಾಳೆ ಹಚ್ಚಿದ್ದಾರೆ. ವರ್ಕ್‌ಶಾಪಿನ ಹಿರಿಯರೂ ಆ ದಿನ ಅವರೊಂದಿಗೆ ವಾದಿಸಿದ ಹುಡುಗನೂ ಈಗ ಒಟ್ಟಿಗೆ ಕೂತು ಆ ಹಾಳೆ ತುಂಬುತ್ತಿದ್ದಾರೆ.